ಆಕಾಶಕ್ಕೆ ಹೋಗಿಬಂದ ಕುಂಚಿಗೆ

ಗುಂಡಿ ಒತ್ತಿದರೆ ನಡೆಯುವ ಯಾವ ವಸ್ತುವಿನ ಮೇಲೂ ನಮ್ಮ ಅತ್ತೆ ನೀಲವ್ವನಿಗೆ ನಂಬಿಕೆಯಿಲ್ಲ. ಮನೆಯಲ್ಲಿ ಮಿಕ್ಸಿ ಇದೆ, ಆದರೆ ಶೇಂಗಾ ಚಟ್ನಿ ಕುಟ್ಟುವುದು ಒಳಕಲ್ಲಿನಲ್ಲೇ. ಬಟ್ಟೆ ಒಗೆಯುವ ಯಂತ್ರ ತಂದ ದಿನ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ಗಳಿಗೆ ನೋಡಿ, "ಒಳಗ ಅರಬಿ ಒಗೀತಾವೋ ಜಗಳಾ ಆಡ್ತಾವೋ?" ಎಂದು ಕೇಳಿ ಎದ್ದುಹೋದವಳು ಮತ್ತೆ ಅದರ ಹತ್ತಿರ ಸುಳಿಯಲಿಲ್ಲ. ನಾನು ನರಗುಂದದಲ್ಲೇ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಹೀಗಾಗಿ ಬೆಳಗಾದರೆ ನಮ್ಮಿಬ್ಬರಿಗೆ ವಾದ ಶುರು.

"ಕೆಟ್ಟರ ನಮ್ಮ ಕೈಲೆ ದುರಸ್ತ ಆಗಬೇಕು ನೋಡು. ಇಲ್ಲಾಂದ್ರ ಅದು ನಮ್ಮದಲ್ಲ, ಅಂಗಡ್ಯಾವಂದು," ಅನ್ನುವುದು ಆಕೆಯ ಸಿದ್ಧಾಂತ. ಅಂಗಡಿಯವನ ಹೆಂಡತಿಯಾಗಿ ಬಾಳಿದವಳು ಆಡುವ ಮಾತೇ ಇದು ಎಂದು ನಾನು ಕಾಡುತ್ತಿದ್ದೆ. ಸವಡಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು, ನರಗುಂದದ ಬೇಳೆಕಾಳು ವ್ಯಾಪಾರಿ ಶಿವನಪ್ಪನವರ ಕೈಹಿಡಿದು ಬಂದವಳು. ಮಾವನವರು ತೀರಿಕೊಂಡ ಮೇಲೆ ನನ್ನ ಗಂಡ ಶಶಿಕಾಂತ ಅಂಗಡಿ ನೋಡಿಕೊಳ್ಳುತ್ತಾರೆ. ಆದರೂ ಮನೆಗೆ ಬರುವ ಕಡಲೆಯನ್ನು ಅತ್ತೆ ಒಮ್ಮೆ ಹಲ್ಲಿನಲ್ಲಿ ಕಡಿದು ನೋಡದ ಹೊರತು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಾಯಿ ಜೋರು, ಕೈ ಚುರುಕು, ಸೋಲು ಒಪ್ಪಿಕೊಳ್ಳುವ ಅಭ್ಯಾಸ ಮಾತ್ರ ಇಲ್ಲ.

ಇಡೀ ಓಣಿಗೆ ಆಕೆ ಬೇಕಾಗುವುದು ಕುಂಚಿಗೆಗಾಗಿ. ಕುಂಚಿಗೆ ಅಂದರೆ ನಮ್ಮ ಕಡೆ ಎಳೆಯ ಕೂಸಿಗೆ ಹಾಕುವ ಟೊಪ್ಪಿಗೆ. ತಲೆ, ಕಿವಿ, ಬೆನ್ನು ಎಲ್ಲವನ್ನೂ ಮುಚ್ಚಿ ಮುಖವನ್ನಷ್ಟೇ ಹೊರಗೆ ಬಿಡುತ್ತದೆ. ಗದ್ದದ ಕೆಳಗೆ ಲಾಡಿ ಕಟ್ಟಿದರೆ ಮುಗಿಯಿತು, ಯಾವ ಗಾಳಿಯೂ ಒಳಗೆ ಹೋಗದು. ಹೊರಗೆ ಖಣದ ಬಟ್ಟೆ, ಒಳಗೆ ಉಟ್ಟು ಉಟ್ಟು ಮೆತ್ತಗಾದ ಹಳೆಯ ಸೀರೆ, ನಡುವೆ ತೆಳ್ಳಗೆ ಹಾಸಿದ ಅರಳೆ. ಓಣಿಯಲ್ಲಿ ಯಾರಿಗೆ ದಿನ ತುಂಬುತ್ತ ಬಂದರೂ ಅತ್ತೆಯ ಸೂಜಿಗೆ ದಾರ ಬೀಳುತ್ತಿತ್ತು. ಹಿಂದಿನ ಓಣಿಯ ಮಾಬೂಬಿಯ ಮೊಮ್ಮಕ್ಕಳೆಲ್ಲ ಅವಳ ಕುಂಚಿಗೆಯಲ್ಲೇ ಬೆಳೆದವರು. ಹೊಲಿದಾದ ಮೇಲೆ ಪ್ರತಿ ಹೊಲಿಗೆಯನ್ನೂ ಎರಡೂ ಕೈಯಿಂದ ಜಗ್ಗಿ ನೋಡುತ್ತಿದ್ದಳು, ಹರಿದರೆ ಈಗಲೇ ಹರಿಯಲಿ ಎಂದು.

ಕುಂಚಿಗೆಗೆ ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ಒಂದು ಕೂಸು ಹಾಕಿಕೊಂಡದ್ದನ್ನು ಮತ್ತೊಂದು ಕೂಸಿಗೆ ಕೊಡಬಹುದು. ಎಷ್ಟು ತಲೆ ದಾಟಿದರೆ ಅಷ್ಟು ಒಳ್ಳೆಯದು. ಆದರೆ ಹೊಲಿದಿಟ್ಟು ಯಾರೂ ಹಾಕಿಕೊಳ್ಳದೆ ಉಳಿದದ್ದನ್ನು ಯಾವ ಕೂಸಿಗೂ ಹಾಕಬಾರದು. ಹರಿದು ಒಗೆಯಲೂ ಬಾರದು.

ಅಂಥದ್ದೊಂದು ನಮ್ಮ ಮನೆಯ ಟ್ರಂಕಿನಲ್ಲಿತ್ತು. ನನಗೆಂದು, ಅಂದರೆ ನನ್ನ ಕೂಸಿಗೆಂದು ಹೊಲಿದದ್ದು. ಕೆಂಪು ಖಣ, ಹಸಿರು ಅಂಚು, ನೆತ್ತಿಯ ಮೇಲೆ ಹಳದಿ ರೇಷ್ಮೆಯ ಗೊಂಡೆ. ಏಳು ತಿಂಗಳಿಗೇ ನೋವು ಬಂದು ದವಾಖಾನೆಗೆ ಹೋದೆ. ಎಚ್ಚರವಾದಾಗ ತೊಟ್ಟಿಲು ಇರಲಿಲ್ಲ. ಕೂಸನ್ನು ನಾನು ನೋಡಲಿಲ್ಲ. ಗಂಡೋ ಹೆಣ್ಣೋ ಎಂದೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ದವಾಖಾನೆಯ ಕಾಗದಗಳನ್ನು ಮನೆಯವರು ಎಲ್ಲಿಟ್ಟರೋ, ನಾನು ಹುಡುಕಲೂ ಇಲ್ಲ. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಎಂಟೊಂಬತ್ತು ವರ್ಷ ಒಂದೇ ಸೂರಿನಡಿ ಮಿಕ್ಸಿಯಿಂದ ಹಿಡಿದು ಮಳೆಗಾಲದವರೆಗೆ ಎಲ್ಲದಕ್ಕೂ ವಾದ ಮಾಡಿದ ನಾವಿಬ್ಬರೂ ಆ ಒಂದು ಮಾತನ್ನು ಮಾತ್ರ ಬಾಯಿಗೆ ತರಲಿಲ್ಲ.

ಈಗ ಬಲೂನಿನ ಕಥೆಗೆ ಬರುತ್ತೇನೆ. ಕಳೆದ ವರ್ಷ ನಮ್ಮ ಕಾಲೇಜಿನ ಹುಡುಗಿಯರು ಹಟಕ್ಕೆ ಬಿದ್ದರು. ದೊಡ್ಡ ಬಲೂನಿಗೆ ಹೀಲಿಯಂ ತುಂಬಿ, ಅದರ ಕೆಳಗೆ ಒಂದು ಕ್ಯಾಮೆರಾ ಡಬ್ಬಿ ಕಟ್ಟಿ, ಆಕಾಶ ಕಪ್ಪಾಗಿ ಕಾಣುವ ಎತ್ತರಕ್ಕೆ ಕಳಿಸಿ ಭೂಮಿಯ ಚಿತ್ರ ತೆಗೆಯಬೇಕು. ಬಲೂನು ಮೇಲೆ ಒಡೆಯುತ್ತದೆ, ಡಬ್ಬಿ ಪ್ಯಾರಾಶೂಟಿನಲ್ಲಿ ಕೆಳಗಿಳಿಯುತ್ತದೆ. ಇದು ಬಾಹ್ಯಾಕಾಶವಲ್ಲ, ಅದರ ಹೊಸ್ತಿಲು ಎಂದು ನಾನು ಎಷ್ಟು ಹೇಳಿದರೂ ಅವರ ಹುಮ್ಮಸ್ಸು ಇಳಿಯಲಿಲ್ಲ. ಎಲ್ಲರಿಗಿಂತ ಮುಂದೆ ಗುಲ್ಷನ. ಮೇಲಿನ ಥಂಡಿಗೆ ಬ್ಯಾಟರಿ ಸಾಯುತ್ತದೆಂದು ಅವಳು ಒಂದು ಸರ್ಕೀಟು ಮಾಡಿದಳು. ಅದು ತಾನೇ ಥಂಡಿ ಅಳೆದು, ಎಷ್ಟು ಬೇಕೋ ಅಷ್ಟು ತಾನೇ ಕಾಯಿಸಿಕೊಳ್ಳುತ್ತಿತ್ತು. ನೋಡಲು ಬಹಳ ಚೆಂದ. ನನಗೂ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಪರವಾನಗಿ ಎಲ್ಲ ಪಡೆದು ದೀಪಾವಳಿ ಕಳೆದ ಮೇಲೆ ಹಾರಿಸಿದೆವು. ಡಬ್ಬಿ ರೋಣದ ಆಚೆ ಒಂದು ಹೊಲದಲ್ಲಿ ಇಳಿಯಿತು. ಅದರ ಮೇಲೆ, ತಾನಿರುವ ಜಾಗವನ್ನು ನಮ್ಮ ಫೋನಿಗೆ ತಿಳಿಸುವ ಟ್ರ್ಯಾಕರಿನ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ಕಂಡವರು ಬಾಂಬೆಂದು ಗಾಬರಿಯಾಗಿ ಉದ್ದನೆಯ ಗಳದಿಂದ ನೂಕಿ ಕೃಷಿಹೊಂಡಕ್ಕೆ ಕೆಡವಿದರು. ಅವರದೇನು ತಪ್ಪು? ಆಕಾಶದಿಂದ ಬೆಳ್ಳಗಿನ ಡಬ್ಬಿ ಬಿದ್ದು ಕಣ್ಣು ಮಿಟುಕಿಸಿದರೆ ನಾನಾದರೂ ಮುದ್ದು ಮಾಡುತ್ತಿದ್ದೆನೇ? ನೀರಿನಿಂದ ತೆಗೆದು ಒಣಗಿಸಿ ಕ್ಯಾಮೆರಾದ ಕಾರ್ಡು ನೋಡಿದರೆ ಚಿತ್ರಗಳು ಅರ್ಧ ದಾರಿಗೇ ನಿಂತಿದ್ದವು. ಥಂಡಿ ಅಳೆಯುವ ಸರ್ಕೀಟಿಗೇ ಥಂಡಿ ಬಡಿದು, ಅದು ಕಾಯಿಸುವುದನ್ನು ಮರೆತು ಕೂತಿತ್ತು. ಗುಲ್ಷನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅತ್ತಳು.

"ಅಳಬ್ಯಾಡ," ಅಂದೆ ನಾನು. "ಮ್ಯಾಲೆ ಕೆಟ್ಟರ ದುರಸ್ತ ಮಾಡಾಕ ಯಾರೂ ಹೋಗೂದಿಲ್ಲ. ಅದಕ್ಕ ಉಪಗ್ರಹ ಕಳಸವ್ರೂ ಎಷ್ಟೋ ಕಡೆ ಹಳೇದು, ಪಳಗಿದ್ದು, ಸರಳ ಇದ್ದದ್ದನ್ನ ಆರಿಸ್ಕೋತಾರ. ಮ್ಯಾಲೆ ಬಂಗಾರದ ಹಾಳಿಯಂಗ ಹೊಳೀತೈತಲ್ಲ, ಅದು ಪದರ ಪದರ ಹೊದಿಕಿ. ಕೌದಿ ಹೊಲದಂಗ ಕೈಲೆ ಹೊಲೀತಾರ. ಅದಕ್ಕ ಗುಂಡಿ ಇಲ್ಲ, ವಾಯರ ಇಲ್ಲ, ಹಂಗಾಗಿ ಕೆಡೂದೂ ಇಲ್ಲ."

ಒಳಗಿನಿಂದ ಅತ್ತೆಯ ದನಿ ಬಂತು. "ಮ್ಯಾಲೆ ಹೋದಂಗ ಸೂರ್ಯಾ ಸಮೀಪ ಬರ್ತಾನ. ಥಂಡಿ ಹ್ಯಾಂಗ ಆಗ್ತೈತಿ? ಹುಡುಗ್ಯಾರಿಗೆ ಏನರ ಹೇಳಬ್ಯಾಡ."

ಗಾಳಿ ತೆಳ್ಳಗಾದರೆ ಕಾವು ಹಿಡಿದಿಟ್ಟುಕೊಳ್ಳಲು ಏನೂ ಇರುವುದಿಲ್ಲ ಎಂದು ನಾನು ತಿಳಿಸಿ ಹೇಳಿದೆ. ಆಕೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಅಂದ್ರ ಬಿಸಲು ಐತಿ, ಬೆಚ್ಚಗಿಲ್ಲ. ಶ್ರೀಮಂತ ಬೀಗರ ಮನಿ ಇದ್ದಂಗ!" ಎಂದಳು. ಗುಲ್ಷನ ಅಳುವುದು ಬಿಟ್ಟು ನಕ್ಕಳು. ಅತ್ತೆ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ತೊಡೆಯ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು.

"ಇದರ ಮಾರಿ ಎಲ್ಲೈತಿ?"

"ಇಲ್ಲಿರಿ ಅಮ್ಮಾ, ಈ ಗಾಜಿನ ಕಣ್ಣು," ಎಂದು ಗುಲ್ಷನ ಕ್ಯಾಮೆರಾ ತೋರಿಸಿದಳು.

"ಹಂಗಾರ ಇಷ್ಟ ತೆರೆದಿರಬೇಕು, ಉಳದದ್ದು ಮುಚ್ಚಬೇಕು," ಅಂದಳು ಅತ್ತೆ. ಡಬ್ಬಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡಳು.

ಮರುದಿನ ನಾನು ಕಾಲೇಜಿನಿಂದ ಬಂದಾಗ ಡಬ್ಬಿ ಪಡಸಾಲೆಯ ಮೇಜಿನ ಮೇಲೆ ಕೂತಿತ್ತು. ಅದರ ತಲೆಯ ಮೇಲೆ ಆ ಕೆಂಪು ಕುಂಚಿಗೆ.  ಹಿಂದೆಮುಂದೆ ನೋಡದೆ ಚೀರಿದೆ.

"ಇದನ್ಯಾಕ ತಗದ್ರಿ? ಬ್ಯಾರೆ ಅರಬಿ ಇದ್ದಿಲ್ಲೇನು ಮನ್ಯಾಗ? ಇದು ಬ್ಯಾಡ್ರಿ ಅತ್ತೀ. ಇದೊಂದು ಬ್ಯಾಡ."

 ನಾನು ಕೋಣೆ ಸೇರಿದೆ. ನನ್ನ ಗಂಡ ಅಂಗಡಿಯಿಂದ ಬಂದವರು ಮೇಜಿನ ಕಡೆ ನೋಡಿ, ಚಪ್ಪಲಿ ಮೆಟ್ಟಿ ಮತ್ತೆ ಹೊರಗೆ ಹೋದರು. ಗಂಡಸರಿಗೆ ಇಂಥ ಹೊತ್ತಿನಲ್ಲಿ ಅಂಗಡಿ ಬಹಳ ಅನುಕೂಲ.

ದೀಪ ಹಚ್ಚುವ ಹೊತ್ತಿಗೆ ಅತ್ತೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ಕೂತಳು. ಕುಂಚಿಗೆ ಮಡಿಲಲ್ಲಿತ್ತು.

"ಅನ್ನಪೂರ್ಣೀ, ನಾ ಹ್ವಾದಮ್ಯಾಲೆ ಇದನ್ನ ಏನ ಮಾಡ್ತಿ? ಯಾರಿಗೂ ಕೊಡಾಕ ಬರೂದಿಲ್ಲ. ಹರಿಯಾಕ ಬರೂದಿಲ್ಲ. ಪ್ರತಿ ಸಲ ಟ್ರಂಕ ತಗದಾಗ ನನ್ನ ಕರೀತೈತಿ. ಒಂದ ಸಲ, ಒಂದ ಸಲ ಯಾರರ ಇದನ್ನ ಹಾಕ್ಕೊಂಡು ಹೋಗಿ ಹೊಳ್ಳಿ ಬರಲಿ ನಮ್ಮವ್ವಾ."

"ಹೊಳ್ಳಿ ಬರದಿದ್ದರ?"

ಆಕೆ ಕುಂಚಿಗೆಯ ಲಾಡಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬರಬೇಕು," ಅಂದಳು. "ಬರದಿದ್ದರ ನಾ ತಡ್ಕೊಳ್ಳೂದಿಲ್ಲ. ಖರೇನ ಹೇಳ್ತೇನಿ. ಆದರೂ ಕಳಸೂಣು."

ನಾನು ಹೂಂ ಅಂದೆ. ಆದರೆ ಭೌತಶಾಸ್ತ್ರದವಳಲ್ಲವೇ, ಪರೀಕ್ಷೆ ಮಾಡದೆ ಬಿಡಲಿಲ್ಲ. ಮಲಿಕಸಾಬನ ಐಸ್‌ಕ್ರೀಮ್ ಅಂಗಡಿಯ ಫ್ರೀಜರಿನಲ್ಲಿ ಎರಡು ಡಬ್ಬಿ ಇಟ್ಟೆವು, ಒಂದು ಬರಿತಲೆಯದು, ಒಂದು ಕುಂಚಿಗೆಯದು. ಬರಿತಲೆಯ ಡಬ್ಬಿ ಮಧ್ಯಾಹ್ನವೇ ಕೈಕೊಟ್ಟಿತು. ಕುಂಚಿಗೆಯದು, ಬ್ಯಾಟರಿಯ ಸ್ವಂತ ಕಾವನ್ನೇ ಒಳಗೆ ಹಿಡಿದಿಟ್ಟುಕೊಂಡು, ಮಲಿಕಸಾಬ ಅಂಗಡಿ ಮುಚ್ಚುವವರೆಗೂ ಜೀವಂತವಾಗಿತ್ತು. ಫ್ರೀಜರೇ ಆಕಾಶವಲ್ಲ ಎಂದು ನಾನು ಎಚ್ಚರಿಸಿದೆ. ಗುಲ್ಷನ ಒಳಗೆ ಹೊಳೆಯುವ ಹಾಳೆಯ ಒಂದು ಪದರ ಸೇರಿಸಿದಳು. ತನ್ನ ಸರ್ಕೀಟನ್ನು ತಾನೇ ಬಿಚ್ಚಿ ಚೀಲದಲ್ಲಿಟ್ಟುಕೊಂಡು, "ಇದನ್ನ ಮುಂದಿನ ಸಲ ಸುಧಾರಿಸ್ತೇನ್ರಿ ಮೇಡಂ," ಎಂದಳು. ಅತ್ತೆ ಮಾತ್ರ ಇಷ್ಟಕ್ಕೇ ಬೀಗಿ, ವಾರವಿಡೀ ನನಗೆ ಮಿಕ್ಸಿ ಮುಟ್ಟಲು ಬಿಡಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ, ಗುಡ್ಡದ ಬುಡದ ಬಯಲಿನಲ್ಲಿ ಬಲೂನು ತುಂಬಿದೆವು. ಮುಂಜಾನೆಯ ಇಬ್ಬನಿ ಇನ್ನೂ ಆರಿರಲಿಲ್ಲ. ಅತ್ತೆ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಲಾಡಿ ಕಟ್ಟಿದಳು, ಜಗ್ಗಿ ನೋಡಿದಳು, ಬಿಚ್ಚಿ ಮತ್ತೆ ಕಟ್ಟಿದಳು. ಗಾಜಿನ ಕಣ್ಣಿನ ಪಕ್ಕ ಕಾಡಿಗೆಯ ಒಂದು ದೃಷ್ಟಿಬೊಟ್ಟು ಇಟ್ಟಳು. ಹುಡುಗಿಯರು ನಗಲಿಲ್ಲ, ನಾನೂ ನಗಲಿಲ್ಲ. "ಲಗೂ ಬಾ," ಎಂದು ಡಬ್ಬಿಗೆ ಹೇಳಿ ಕೈಬಿಟ್ಟಳು.

ಕೆಂಪು ಚುಕ್ಕೆಯಾಗುವವರೆಗೂ, ಚುಕ್ಕೆಯೂ ಅಳಿಯುವವರೆಗೂ ಆಕೆ ಕತ್ತೆತ್ತಿಯೇ ನಿಂತಿದ್ದಳು.

ಗಾಳಿ ಮೂಡಣಕ್ಕೆ ಇತ್ತು. ನನ್ನ ಗಂಡ ಜೀಪು ತಂದರು. ಅತ್ತೆ, ನಾನು, ಗುಲ್ಷನ ಹತ್ತಿ ಕೂತೆವು. ಟ್ರ್ಯಾಕರು ಮೊದಮೊದಲು ಚೆನ್ನಾಗಿಯೇ ಮಾತಾಡಿತು. ರೋಣ ದಾಟುವ ಹೊತ್ತಿಗೆ ಡಬ್ಬಿ ನಮ್ಮ ತಲೆಯ ಮೇಲೆ ಎಲ್ಲೋ ಇತ್ತು. ಆಮೇಲೆ ಎತ್ತರಕ್ಕೆ ಹೋಗಿ ಸುಮ್ಮನಾಯಿತು. ಕೆಳಗಿಳಿದ ಮೇಲೆ ಮತ್ತೆ ಮಾತಾಡಬೇಕಿತ್ತು, ಮಾತಾಡಲಿಲ್ಲ. ಟವರು ಸಿಗದ ತಗ್ಗಿನಲ್ಲಿ ಬಿದ್ದಿದೆಯೋ, ಟ್ರ್ಯಾಕರೇ ಸತ್ತಿದೆಯೋ ತಿಳಿಯದು. ಗುಲ್ಷನ ಫೋನನ್ನು ಕಿಟಕಿಯ ಹೊರಗೆ ಹಿಡಿದು ಹಿಡಿದು ಸೋತಳು. ಗಜೇಂದ್ರಗಡದ ಹತ್ತಿರ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಆರಾಮಾಗಿ ತಿರುಗುತ್ತಿದ್ದವು. ಸಿಕ್ಕ ಸಿಕ್ಕವರನ್ನು ನಿಲ್ಲಿಸಿ ಕೇಳಿದೆವು. ಕುರಿಯವರು, ಬೈಕಿನವರು, ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಹೆಂಗಸರು, ಯಾರೂ ಏನೂ ಕಂಡಿರಲಿಲ್ಲ.

 ಚಹಾದ ಅಂಗಡಿಯ ಮುಂದೆ ಜೀಪು ನಿಲ್ಲಿಸಿದಾಗ ಅತ್ತೆ ಇಳಿಯಲಿಲ್ಲ. ಕೈಗಳೆರಡನ್ನೂ ಮಡಿಲಲ್ಲಿ ಖಾಲಿ ಹಿಡಿದುಕೊಂಡು ಕೂತಿದ್ದಳು. ಆಕೆಯನ್ನು ಹಾಗೆ ನಾನು ಇನ್ನೊಂದೇ ಸಲ ನೋಡಿದ್ದೆ, ದವಾಖಾನೆಯ ಬಾಕಿನ ಮೇಲೆ. ಯಾಕೆ ಹೂಂ ಅಂದೆನೋ ಎಂದು ನನ್ನನ್ನೇ ಬೈದುಕೊಂಡೆ.

ಆಗ ಫೋನು ಬಂತು. ಡಬ್ಬಿಯ ಗಾಜಿನ ಕಣ್ಣಿನ ಕೆಳಗೆ ನನ್ನ ನಂಬರು ಅಂಟಿಸಿದ್ದೆವು. ಒಬ್ಬ ಹೆಣ್ಣುಮಗಳು ಅಂಜುತ್ತ ಅಂಜುತ್ತ ಕೇಳಿದಳು: "ಅಕ್ಕಾರ, ನಿಮ್ಮದೊಂದು... ಕುಂಚಗಿ ಕಳದೈತೇನ್ರಿ?"

ಲಕ್ಕಲಕಟ್ಟಿಯಲ್ಲಿ ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಅರ್ಧ ಊರು ಬಾಗಿಲಲ್ಲೇ ನಿಂತಿತ್ತು. ಒಳಗೆ ಪಡಸಾಲೆಯಲ್ಲಿ, ಕಂಬಳಿಯ ಮೇಲೆ, ಗೋಡೆಗೆ ಆನಿಸಿ ನಮ್ಮ ಡಬ್ಬಿಯನ್ನು ಕೂರಿಸಿದ್ದರು. ಕುಂಚಿಗೆ ಹಾಗೇ ಇತ್ತು, ಲಾಡಿ ಸಹ ಸಡಿಲಾಗಿರಲಿಲ್ಲ. ಮನೆಯೊಡತಿ ಕರೆವ್ವ ಅತ್ತೆಯ ವಾರಿಗೆಯವಳು, ಬಾಯಿಯೂ ಅತ್ತೆಯದೇ ಅಳತೆ. ನಾವು ಕೂರುವ ಮೊದಲೇ ಶುರು ಮಾಡಿದಳು.

"ಕಡ್ಲಿ ಹೊಲಕ್ಕ ಹೋಗಿದ್ನಿ ನೋಡ್ರಿ. ಬದುವಿನ ಮ್ಯಾಲೆ ಕೆಂಪಗ ಕಾಣಸ್ತು. ನೋಡ್ತೇನಿ, ಕುಂಚಗಿ! ಯಾವ ಪುಣ್ಯಾತಗಿತ್ತಿ ಕೂಸು ಬಿಟ್ಟು ಹ್ವಾದಳೋ ಅಂತ ಎದಿ ಧಸಕ್ಕಂತು. ಕಸಾ ಮುಳ್ಳಾ ನೋಡಲಿಲ್ಲ, ಓಡಿದ್ನಿ. ಎತ್ತಿ ಎದಿಗೆ ಅವಚಿಕೊಂಡ್ರ ಥಣ್ಣಗ ಕೊರಡಾಗೇತ್ರಿ ಯವ್ವಾ! ಸತ್ತೈತಿ ಅಂತ ಅಲ್ಲೇ ಕುಂತು ಬಾಯಿ ತಗದು ಅತ್ನಿ. ಅತ್ತು ಅತ್ತು ಮಾರಿ ನೋಡ್ತೇನಿ, ಒಂದ ಗಾಜಿನ ಕಣ್ಣು!"

ಪ್ಯಾರಾಶೂಟು ಬದುವಿನ ಆಚೆ ಮುದುಡಿ ಬಿದ್ದಿತ್ತಂತೆ, ಆಕೆ ಅದನ್ನು ನೋಡಿರಲೇ ಇಲ್ಲ. ಮನೆಗೆ ತಂದಾಗ ಊರವರು ಬಾಂಬು ಬಾಂಬು ಎಂದು ದೂರ ಸರಿದರಂತೆ.

"ಬಾಂಬಿಗೆ ಯಾರರ ಕುಂಚಗಿ ಹಾಕ್ತಾರೇನೋ ಮೂಳಗಳ್ರಾ, ಕಾಡಗಿ ಸುದ್ದಾ ಹಚ್ಯಾರ, ಇದು ಯಾರದೋ ಜ್ವಾಕಿ ಮಾಡಿದ್ದು ಐತಿ ಅಂತ ಬೈದು ಕಳಸಿದ್ನಿ," ಎಂದಳು.

ಎಲ್ಲರೂ ನಕ್ಕರು. ನಗಲಾರದೆ ನಿಂತವರು ನಾವಿಬ್ಬರೇ. ಆ ಕುಂಚಿಗೆಯ ಮುಂದೆ ಕೂತು ಬಾಯಿ ತೆಗೆದು ಯಾರಾದರೂ ಅತ್ತಿದ್ದರೆ ಈ ಕರೆವ್ವನೊಬ್ಬಳೇ. ನಮ್ಮ ಮನೆಯಲ್ಲಿ ಯಾರೂ ಅತ್ತಿರಲಿಲ್ಲ. ನನಗೆ ಹೆದರಿ ಅತ್ತೆ, ಅತ್ತೆಗೆ ಹೆದರಿ ನಾನು, ಇಷ್ಟು ವರ್ಷ ಅಳು ನುಂಗಿ ಕೂತಿದ್ದೆವು. ಅತ್ತೆ ನೆಲಕ್ಕೆ ಕೂತು ಡಬ್ಬಿಯನ್ನು ಎತ್ತಿಕೊಂಡಳು. ಕುಂಚಿಗೆಯ ಅಂಚು, ಗೊಂಡೆ, ಹೊಲಿಗೆ ಎಲ್ಲ ಮುಟ್ಟಿ ನೋಡಿದಳು. ಮೂಗಿಗೆ ಹಿಡಿದು ವಾಸನೆ ನೋಡಿದಳು. ಆಮೇಲೆ ಅಲ್ಲಿಯೇ, ಲಕ್ಕಲಕಟ್ಟಿಯ ಮಂದಿಯ ಮುಂದೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಆಕೆಯ ಪಕ್ಕ ಕೂತೆ. ಕರೆವ್ವ ಏನೂ ಕೇಳಲಿಲ್ಲ. ಅತ್ತೆಯ ಬೆನ್ನ ಮೇಲೆ ಕೈಯಾಡಿಸುತ್ತ, "ಬಂತಲ್ಲವಾ, ಹೊಳ್ಳಿ ಬಂತಲ್ಲ," ಎನ್ನುತ್ತಿದ್ದಳು.

ಫೋನು ಮಾಡಿದವಳು ಕರೆವ್ವನ ಸೊಸೆ ರೇಣುಕವ್ವ. ನಮಗೆ ಚಹಾ ಕೊಡುವಾಗ ಒಳಗೆ ಕೂಸು ಅತ್ತಿತು. ಎತ್ತಿಕೊಂಡು ಬಂದಳು. ಇನ್ನೂ ಎರಡು ತಿಂಗಳು ತುಂಬದ ಹೆಣ್ಣುಕೂಸು, ತಲೆಗೆ ಒಂದು ಟವೆಲ್ಲು ಸುತ್ತಿದ್ದರು. ಸಂಜೆಯ ಗಾಳಿ ಬಾಗಿಲಿನಿಂದ ನೇರವಾಗಿ ಬರುತ್ತಿತ್ತು. ಅತ್ತೆ ಕೂಸನ್ನು ನೋಡಿದಳು, ಮಡಿಲಿನ ಡಬ್ಬಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.  ಅಷ್ಟು ಜೋರು ಬಾಯಿಯ ಹೆಂಗಸು, ಕೇಳಬೇಕಾದ ಒಂದೇ ಒಂದು ಮಾತನ್ನು ಕೇಳದೆ ನನಗೆ ಬಿಟ್ಟುಕೊಟ್ಟಳು.

ಲಾಡಿಯ ಗಂಟು ನಾನೇ ಬಿಚ್ಚಿದೆ. ಬಿಗಿಯಾಗಿತ್ತು. ಕುಂಚಿಗೆಯನ್ನು ಜಾಡಿಸಿ ಕೂಸಿನ ತಲೆಗೆ ಹಾಕಿ ಗದ್ದದ ಕೆಳಗೆ ಕಟ್ಟಿದೆ. ಸರಿಯಾಗಿ ಕೂತಿತು. ರೇಣುಕವ್ವ ಸಂಕೋಚದಿಂದ ಅತ್ತೆಯ ಮುಖ ನೋಡಿದಳು, "ಹೊಸಾದು ಐತ್ರಿ ಅಮ್ಮಾ, ಹಾಕಬಹುದೇನ್ರಿ?"

"ಹೊಸಾದಲ್ಲವಾ," ಅಂದಳು ಅತ್ತೆ. "ಒಬ್ಬರು ಹಾಕ್ಕೊಂಡು, ಭಾಳ ದೂರ ಹೋಗಿ, ಸುಖರೂಪ ಬಂದಾರ. ಹಾಕು."

ಕರೆವ್ವ ನಮ್ಮಿಬ್ಬರಿಗೂ ಉಡಿ ತುಂಬಿಯೇ ಕಳಿಸಿದಳು.

ಹೊಳ್ಳಿ ಬರುವಾಗ ಹಿಂದಿನ ಸೀಟಿನಲ್ಲಿ ಗುಲ್ಷನ ಚಿತ್ರಗಳನ್ನು ನೋಡುತ್ತಿದ್ದಳು. ಒಂದೂ ತಪ್ಪಿರಲಿಲ್ಲ. ಕಪ್ಪು ಆಕಾಶ, ಬಾಗಿದ ಭೂಮಿಯ ನೀಲಿ ಅಂಚು, ಮತ್ತು ಪ್ರತಿ ಚಿತ್ರದ ಮೇಲ್ತುದಿಯಲ್ಲಿ ಕುಂಚಿಗೆಯ ಹಸಿರು ಪಟ್ಟಿ. "ಇದನ್ನ ಕತ್ತರಿಸಿ ತಗೀಲೇನ್ರಿ ಮೇಡಂ?" ಎಂದು ಕೇಳಿದಳು. ಬೇಡ, ಇರಲಿ ಅಂದೆ.

ರೋಣ ದಾಟಿದ ಮೇಲೆ ಮೆಲ್ಲಗೆ ಕೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ.

"ಅತ್ತೀ, ಅದು ಗಂಡಿತ್ತೇನ್ರಿ, ಹೆಣ್ಣೇನ್ರಿ?"

ಏನು ಕೇಳುತ್ತಿದ್ದೇನೆಂದು ಆಕೆ ಕೇಳಲಿಲ್ಲ.

"ಹೆಣ್ಣು," ಅಂದಳು. "ಮೂಗು ನಿನ್ನಂಗ ಇತ್ತು. ನಾ ಎತ್ಕೊಂಡಿದ್ನಿ, ಅನ್ನಪೂರ್ಣಿ. ಒಂದ ಗಳಿಗಿ ಎತ್ಕೊಂಡಿದ್ನಿ."

ನನ್ನ ಗಂಡ ಜೀಪಿನ ವೇಗ ತಗ್ಗಿಸಿದರು. ಕಿಟಕಿಯಿಂದ ಥಂಡಿ ಗಾಳಿ ಬರುತ್ತಿತ್ತು. ಡಬ್ಬಿ ಈಗ ಬರಿತಲೆಯಲ್ಲಿ ಅತ್ತೆಯ ಮಡಿಲಲ್ಲಿತ್ತು. ಆಕೆ ಅದನ್ನು ಒಮ್ಮೆ ನೋಡಿ, ಸೆರಗು ಎಳೆದು ಅದರ ಮೇಲೆ ಹೊದಿಸಿದಳು.